ಜಾಲತಾಣದ ನಿಂದೆಯೂ ಎಳೆಯರ ಮನಸ್ಸೂ

(ಮಹೋತ್ಸವದ ಸಭೆಯಲ್ಲಿ ಮಾಡಿದ ಉಪನ್ಯಾಸ)



ಪರನಿಂದೆಯೆಂಬುದು ಲೋಕಕ್ಕೆ ಹೊಸದಲ್ಲ. ನುಡಿಯ ಶುದ್ಧಿಯನ್ನು ಕುರಿತು ಶರಣರು ಹೇಳಿರುವುದನ್ನು ಈ ಸಭೆಯಲ್ಲಿ ಮತ್ತೆ ವಿಸ್ತರಿಸಬೇಕಾದುದಿಲ್ಲ. ಅದು ಬಾಲ್ಯದಿಂದಲೂ ಎಲ್ಲರ ಕಿವಿಗೆ ಬಿದ್ದುದೇ ಆಗಿದೆ. ಆದರೆ ಹಿಂದಿನ ನಿಂದೆಗೆ ಒಂದು ಎಲ್ಲೆಯಿದ್ದಿತು. ಪಾಠಶಾಲೆಯಲ್ಲಿ ನಾಲ್ವರು ಸೇರಿ ಒಬ್ಬ ಹುಡುಗನನ್ನು ಅಡ್ಡಹೆಸರಿನಿಂದ ಕೂಗಿ ಅಳಿಸಿದರೆ, ಸಂಜೆಯ ಗಂಟೆಯಾದೊಡನೆ ಅವನು ಮನೆಗೆ ಬರುತ್ತಿದ್ದನು. ಆ ಕೂಗು ಹೊಸ್ತಿಲನ್ನು ದಾಟಿ ಒಳಕ್ಕೆ ಬರುತ್ತಿರಲಿಲ್ಲ. ಕೂಗಿದವರ ಮುಖವು ಇವನಿಗೆ ಗೊತ್ತಿದ್ದಿತು. ಇವನ ಕಣ್ಣೀರು ಅವರಿಗೆ ಕಾಣುತ್ತಿದ್ದಿತು. ಕಂಡ ನಾಲ್ವರಲ್ಲಿ ಒಬ್ಬನಾದರೂ ಮನಸ್ಸು ಕರಗಿ ಸುಮ್ಮನಾಗುವ ಸಂಭವವುಂಟಾಗಿದ್ದಿತು. ಆಡಿದ ಮಾತು ಗಾಳಿಯಲ್ಲಿ ಹೋಗುತ್ತಿದ್ದಿತು.

ಈ ಕಾಲದ ನಿಂದೆಗೆ ಈ ಎಲ್ಲೆಗಳಲ್ಲಿ ಒಂದೂ ಇಲ್ಲ. ಮೊಬೈಲು ಹುಡುಗನ ತಲೆದಿಂಬಿನ ಪಕ್ಕದಲ್ಲಿರುವುದರಿಂದ ಮಧ್ಯರಾತ್ರಿಯಲ್ಲಿಯೂ ನಿಂದೆಯು ಬಂದು ಅವನನ್ನು ಎಬ್ಬಿಸುವುದು. ನಿಂದಿಸಿದವನು ಸುಳ್ಳು ಹೆಸರಿನ ಖಾತೆಯ ಮರೆಯಲ್ಲಿ ಕುಳಿತಿರಬಹುದು. ಮಾತು ಅಕ್ಷರವಾಗಿ ನಿಲ್ಲುವುದು. ಅಳಿಸಿದೆನೆಂದು ಒಬ್ಬನು ಹೇಳುವಷ್ಟರಲ್ಲಿ ಮತ್ತೊಬ್ಬನು ಅದರ ಸ್ಕ್ರೀನ್‌ಶಾಟ್ ತೆಗೆದು ಹತ್ತು ಗುಂಪುಗಳಿಗೆ ಹಂಚಿರುವನು. ಇದನ್ನು ಇಂಗ್ಲಿಷಿನವರು ಸೈಬರ್ ಬುಲ್ಲಿಯಿಂಗ್ ಎಂದು ಕರೆಯುವರು. ಕನ್ನಡದಲ್ಲಿ ಸೈಬರ್ ಕಿರುಕುಳವೆಂಬ ಮಾತು ರೂಢಿಗೆ ಬಂದಿದೆ. ತರಗತಿಯ ವಾಟ್ಸಾಪ್ ಗುಂಪಿನಲ್ಲಿ ಒಬ್ಬನ ಬಣ್ಣವನ್ನೋ ಜಾತಿಯನ್ನೋ ತೊದಲನ್ನೋ ಹಿಡಿದು ಹಾಸ್ಯಮಾಡುವುದು, ಎಲ್ಲರನ್ನೂ ಸೇರಿಸಿಕೊಂಡು ಒಬ್ಬಳನ್ನು ಮಾತ್ರ ಹೊರಗಿಡುವುದು, ಇನ್ನೊಬ್ಬರ ಹೆಸರಿನಲ್ಲಿ ನಕಲಿ ಖಾತೆಯನ್ನು ತೆರೆಯುವುದು, ಹುಡುಗಿಯ ಚಿತ್ರವನ್ನು ತಿದ್ದಿ ಕೆಡಿಸಿ ಹಂಚುವುದು, ಗುಟ್ಟಾಗಿ ಬರೆದುದನ್ನು ಬಯಲಿಗೆಳೆಯುತ್ತೇನೆಂದು ಬೆದರಿಸುವುದು, ಇವೆಲ್ಲವೂ ಇದರಲ್ಲಿಯೇ ಸೇರುವುವು.

ಬಾಲಕರು ಬಾಲಕರನ್ನು ಪೀಡಿಸುವ ವಿಷಯವನ್ನು ಶಾಸ್ತ್ರೀಯವಾಗಿ ಮೊದಲು ಪರಿಶೀಲಿಸಿದವರಲ್ಲಿ ನಾರ್ವೆ ದೇಶದಲ್ಲಿ ನೆಲೆಸಿದ್ದ ಡಾನ್ ಓಲ್ವೇಯಸ್ ಎಂಬ ಮನಶ್ಶಾಸ್ತ್ರಜ್ಞರು ಮುಖ್ಯರು. ೧೯೮೨ನೆಯ ಇಸವಿಯಲ್ಲಿ ಆ ದೇಶದ ಉತ್ತರಭಾಗದಲ್ಲಿ ಮೂವರು ಹುಡುಗರು ಪ್ರಾಣವನ್ನು ಕಳೆದುಕೊಂಡರು. ಸಹಪಾಠಿಗಳ ಪೀಡೆಯೇ ಅದಕ್ಕೆ ಕಾರಣವಾಗಿರಬೇಕೆಂದು ಜನರು ತಲ್ಲಣಿಸಲು, ಮರುವರ್ಷವೇ ಸರಕಾರವು ದೇಶದ ಶಾಲೆಗಳಲ್ಲೆಲ್ಲ ಇದರ ನಿವಾರಣೆಗೆ ತೊಡಗಿತು. ನೋಯಿಸಬೇಕೆಂಬ ಉದ್ದೇಶ, ಮತ್ತೆ ಮತ್ತೆ ಮಾಡುವುದು, ಬಲದಲ್ಲಿ ತಾರತಮ್ಯ, ಎಂದು ಈ ಪೀಡೆಗೆ ಓಲ್ವೇಯಸರು ಮೂರು ಲಕ್ಷಣಗಳನ್ನು ಹೇಳಿದರು. ಜಾಲದಲ್ಲಿ ಈ ಲಕ್ಷಣಗಳು ವಿಚಿತ್ರವಾಗಿ ಮಾರ್ಪಡುವುವು. ಒಬ್ಬನು ಒಂದೇ ಸಲ ಹಾಕಿದುದನ್ನು ನೂರು ಮಂದಿ ಹಂಚುವುದರಿಂದ ಪುನರಾವೃತ್ತಿಯು ತಾನಾಗಿಯೇ ಆಗುವುದು. ಬಲವಾದರೋ ತೋಳಿನದಲ್ಲ, ಮರೆಯದು. ಎದುರಿಗೆ ನಿಂತರೆ ಹೆದರುವ ದುರ್ಬಲನೂ ಮರೆಯಲ್ಲಿ ಬಲಿಷ್ಠನಾಗುವನು. ಮುಖ ಕಾಣದ ಕಡೆ ನಾಲಗೆಯ ಹಿಡಿತವು ಸಡಿಲುವುದೆಂದು ಜಾನ್ ಸೂಲರ್ ಎಂಬ ಅಮೆರಿಕಾದ ಪಂಡಿತರು ೨೦೦೪ರಲ್ಲಿ ವಿವರವಾಗಿ ಬರೆದಿರುವರು.

ಇದರ ಪರಿಣಾಮವು ಎಲ್ಲಿಯವರೆಗೆ ಹೋಗಬಹುದೆಂಬುದು ಅಮೆರಿಕಾ ದೇಶದ ಮಿಸೌರಿ ಸಂಸ್ಥಾನದಲ್ಲಿ ೨೦೦೬ರಲ್ಲಿ ನಡೆದ ಒಂದು ಸಂಗತಿಯಿಂದ ತಿಳಿಯುವುದು. ಸೇಂಟ್ ಲೂಯಿ ನಗರದ ಸಮೀಪದಲ್ಲಿ ಡಾರ್ಡೆನ್ ಪ್ರೇರಿ ಎಂಬ ಊರು. ಅಲ್ಲಿ ಮೇಗನ್ ಮೈಯರ್ ಎಂಬ ಹದಿಮೂರು ವರ್ಷದ ಹುಡುಗಿಯಿದ್ದಳು. ಅವಳಿಗೆ ಚಿಕ್ಕಂದಿನಿಂದ ಮನಸ್ಸು ಕುಗ್ಗುವ ವ್ಯಾಧಿಯಿದ್ದು ವೈದ್ಯರ ಚಿಕಿತ್ಸೆಯು ನಡೆಯುತ್ತಿದ್ದಿತು. ತನ್ನ ಮೈ ದಪ್ಪವೆಂಬ ಚಿಂತೆಯೂ ಇದ್ದಿತು. ಆ ಕಾಲದಲ್ಲಿ ಮಾಯ್‌ಸ್ಪೇಸ್ ಎಂಬ ಜಾಲತಾಣವು ಎಳೆಯರಲ್ಲಿ ಬಹಳ ಪ್ರಚಾರದಲ್ಲಿದ್ದಿತು. ಹದಿನಾಲ್ಕು ವರ್ಷ ತುಂಬದವರು ಅದನ್ನು ಸೇರಕೂಡದೆಂಬ ನಿಯಮವು ಆ ತಾಣದಲ್ಲಿ ಆಗಲೇ ಇದ್ದಿತೆಂಬುದನ್ನು ಇಲ್ಲಿ ನೆನಪಿನಲ್ಲಿಡತಕ್ಕದ್ದು. ತಂದೆತಾಯಿಗಳು ಮಗಳ ಹಟಕ್ಕೆ ಒಪ್ಪಿದರು. ಆದರೆ ಕಣ್ಣುಮುಚ್ಚಿ ಒಪ್ಪಲಿಲ್ಲ. ಪಾಸ್‌ವರ್ಡು ತಾಯಿಯ ವಶದಲ್ಲಿಯೇ ಇರಬೇಕು, ತಾಯಿಯು ನೋಡದೆ ಯಾರೊಡನೆಯೂ ಸ್ನೇಹಮಾಡಬಾರದು ಎಂದು ಕಟ್ಟುಮಾಡಿದರು.

ಹೀಗಿರಲು ಜಾಷ್ ಎವನ್ಸ್ ಎಂಬ ಹೆಸರಿನ ಹದಿನಾರು ವರ್ಷದ ಸುಂದರ ಹುಡುಗನೊಬ್ಬನು ಆ ತಾಣದಲ್ಲಿ ಅವಳ ಸ್ನೇಹವನ್ನು ಬಯಸಿದನು. ಕೆಲವು ವಾರಗಳ ಕಾಲ ಅವನ ಮಾತುಗಳೆಲ್ಲ ಇಂಪಾಗಿಯೇ ಇದ್ದುವು, ಹುಡುಗಿಯು ಹಿಗ್ಗಿದಳು. ಅಕ್ಟೋಬರ್ ತಿಂಗಳ ನಡುವಿನಲ್ಲಿ ಇದ್ದಕ್ಕಿದ್ದಂತೆ ಆ ಮಾತುಗಳು ಕಟುವಾದುವು. ಗೆಳತಿಯರಿಗೆ ನೀನು ಒಳ್ಳೆಯವಳಲ್ಲವೆಂದು ಕೇಳಿದ್ದೇನೆ, ನಿನ್ನ ಸ್ನೇಹವು ಬೇಡ ಎಂಬಂತಹ ಬರಹವು ಬಂದಿತು. ಮರುದಿನ ಬೇರೆ ಹುಡುಗ ಹುಡುಗಿಯರೂ ಅದರಲ್ಲಿ ಕಲೆತು ಬಹಿರಂಗವಾಗಿ ಅವಳನ್ನು ಹಳಿಯತೊಡಗಿದರು.

ಆ ಸಾಯಂಕಾಲದ ಸಂಗತಿಯನ್ನು ತಾಯಿ ಟೀನಾ ಮೈಯರ್ ಎಂಬಾಕೆಯು ತಾನೇ ಲೋಕಕ್ಕೆ ತಿಳಿಸಿರುವಳು. ಆಕೆಯು ಕಿರಿಯ ಮಗಳನ್ನು ದಂತವೈದ್ಯರಲ್ಲಿಗೆ ಕರೆದುಕೊಂಡು ಹೋಗಬೇಕಾಗಿದ್ದಿತು. ಕಂಪ್ಯೂಟರನ್ನು ಮುಚ್ಚು ಎಂದು ಮೇಗನ್ನಳಿಗೆ ಹೇಳಿ ಹೊರಟಳು. ಹಿಂದಿರುಗಿ ಬಂದು ನೋಡಲು ಮಗಳು ಇನ್ನೂ ಅದರ ಮುಂದೆಯೇ ಕುಳಿತಿದ್ದಳು. ಹಳಿದವರಿಗೆ ತಾನೂ ಹೊಲಸು ಮಾತುಗಳಿಂದಲೇ ಉತ್ತರ ಕೊಟ್ಟಿದ್ದಳು. ಆ ಮಾತುಗಳನ್ನು ಕಂಡು ತಾಯಿಗೆ ಕೋಪ ಬಂದಿತು, ಗದರಿಸಿದಳು. ಯಾವ ತಾಯಿಯಾದರೂ ಗದರಿಸುವಳು. ತಾಯಿಯಾದ ನೀನು ನನ್ನ ಕಡೆಗಿರಬೇಕಾದವಳಲ್ಲವೆ ಎಂಬರ್ಥದ ಮಾತನ್ನು ಹೇಳಿ ಹುಡುಗಿಯು ಮೆಟ್ಟಿಲೇರಿ ತನ್ನ ಕೋಣೆಗೆ ಹೋದಳು. ಸ್ವಲ್ಪ ಹೊತ್ತಿನ ಮೇಲೆ ತಾಯಿಯು ಅಲ್ಲಿಗೆ ಹೋಗುವಷ್ಟರಲ್ಲಿ ಅನಾಹುತವು ಸಂಭವಿಸಿದ್ದಿತು. ಮರುದಿನ ಆಸ್ಪತ್ರೆಯಲ್ಲಿ ಪ್ರಾಣವು ಹೋಯಿತು. ಹದಿನಾಲ್ಕು ತುಂಬುವುದಕ್ಕೆ ಇನ್ನು ಮೂರು ವಾರಗಳಿದ್ದುವು.

ಸುಮಾರು ಆರು ವಾರಗಳು ಕಳೆದ ಮೇಲೆ ನೆರೆಯವರೊಬ್ಬರಿಂದ ಮತ್ತೊಂದು ವಿಷಯವು ತಿಳಿದುಬಂದಿತು. ಜಾಷ್ ಎವನ್ಸ್ ಎಂಬ ಹುಡುಗನು ಇರಲೇ ಇಲ್ಲ. ಅದೇ ಬೀದಿಯಲ್ಲಿದ್ದ, ಮೇಗನ್ನಳ ಹಿಂದಿನ ಗೆಳತಿಯ ಮನೆಯಲ್ಲಿಯೇ ಆ ಖಾತೆಯು ಹುಟ್ಟಿದ್ದಿತು; ಅದರಲ್ಲಿ ಆ ಗೆಳತಿಯೂ, ಹದಿನೆಂಟು ವರ್ಷದ ನೌಕರಳೊಬ್ಬಳೂ ಅಲ್ಲದೆ ಗೆಳತಿಯ ತಾಯಿಯೂ ಭಾಗಿಯಾಗಿದ್ದಳು. ತನ್ನ ಮಗಳ ವಿಷಯವಾಗಿ ಮೇಗನ್ ಏನು ಹೇಳುವಳೆಂಬುದನ್ನು ತಿಳಿಯಬೇಕೆಂಬುದೇ ಇದರ ಉದ್ದೇಶವಾಗಿದ್ದಿತಂತೆ. ಎಳೆಯರ ದೋಷವೆಂದು ಹೇಳಲ್ಪಡುವ ವಿಷಯದಲ್ಲಿ ಹಿರಿಯರ ಪಾಲು ಎಷ್ಟೆಂಬುದನ್ನು ಇದರಿಂದ ಊಹಿಸಬಹುದು.

ಇಂತಹ ಮರಣಕ್ಕೆ ಒಂದೇ ಕಾರಣವನ್ನು ಹೇಳುವುದು ಸರಿಯಲ್ಲವೆಂದು ವೈದ್ಯರು ಎಚ್ಚರಿಸುವರು. ಮೇಗನ್ನಳಿಗೆ ಮೊದಲೇ ವ್ಯಾಧಿಯಿದ್ದಿತು. ಕಿರುಕುಳವು ಆ ನೋವಿನ ಮೇಲೆ ಬಿದ್ದಿತು. ಆದರೆ ಎದುರಿನ ಮಗುವಿನ ಒಳಗೆ ಯಾವ ಗಾಯವಿದೆಯೆಂಬುದು ನಿಂದಿಸುವವನಿಗೆ ಕಾಣುವುದಿಲ್ಲವೆಂಬುದೇ ಇಲ್ಲಿ ಭಯಪಡತಕ್ಕ ವಿಷಯ. ಪ್ರಾಣಹಾನಿಯವರೆಗೆ ಹೋಗದವರ ಸಂಖ್ಯೆಯೇ ಹೆಚ್ಚು. ಅವರಲ್ಲಿ ನಿದ್ರೆಗೇಡು, ಅನ್ನ ಸೇರದಿರುವುದು, ಹೊಟ್ಟೆನೋವೆಂದು ಶಾಲೆಯನ್ನು ತಪ್ಪಿಸುವುದು, ಓದಿನಲ್ಲಿ ಹಿಂದೆ ಬೀಳುವುದು, ಒಂಟಿಯಾಗಿ ಕೂರುವುದು, ಇವು ಕಾಣುವುವು. ತಂದೆಯು ಅದನ್ನು ಸೋಮಾರಿತನವೆಂದು ತಿಳಿಯುವನು.

ನ್ಯಾಯಾಸ್ಥಾನದಲ್ಲಿ ಏನಾಯಿತೆಂಬುದನ್ನೂ ಹೇಳಬೇಕು. ಪತ್ರದಿಂದಾಗಲಿ ದೂರವಾಣಿಯಿಂದಾಗಲಿ ಪೀಡಿಸುವುದು ಮಾತ್ರವೇ ಮಿಸೌರಿಯ ಅಂದಿನ ಕಾಯಿದೆಯಲ್ಲಿ ಅಪರಾಧವಾಗಿದ್ದಿತು. ಜಾಲತಾಣದ ಬರಹಕ್ಕೆ ಅದರಲ್ಲಿ ಹೆಸರೇ ಇರಲಿಲ್ಲ. ಆದುದರಿಂದ ಅಲ್ಲಿ ಮೊಕದ್ದಮೆಯು ನಡೆಯಲಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ಕೇಂದ್ರ ಸರಕಾರದ ವಕೀಲರು ತಾಣದ ನಿಯಮಗಳನ್ನು ಮೀರಿದಳೆಂಬ ಕಾರಣದಿಂದ ಆ ಹೆಂಗಸಿನ ಮೇಲೆ ದಾವೆ ಹೂಡಲು, ೨೦೦೮ರ ನವೆಂಬರಿನಲ್ಲಿ ಜೂರಿಗಳು ಸಣ್ಣ ಅಪರಾಧಗಳಿಗೆ ಮಾತ್ರ ಅವಳನ್ನು ತಪ್ಪಿತಸ್ಥಳೆಂದರು. ೨೦೦೯ರಲ್ಲಿ ನ್ಯಾಯಾಧೀಶರು ಅದನ್ನೂ ತಳ್ಳಿಹಾಕಿದರು. ತಾಣದ ನಿಯಮವನ್ನು ಮೀರುವುದೇ ಅಪರಾಧವಾದರೆ ಲಕ್ಷಾಂತರ ಸಾಮಾನ್ಯರು ಅಪರಾಧಿಗಳಾಗುವರೆಂಬುದು ಅವರ ವಾದ. ಮಿಸೌರಿಯವರು ೨೦೦೮ರಲ್ಲಿ ತಮ್ಮ ಕಾಯಿದೆಯನ್ನು ತಿದ್ದಿದರು. ಈ ನಡುವೆ ಇನ್ನೊಂದು ನಡೆಯಿತು. ಸುದ್ದಿಯು ೨೦೦೭ರಲ್ಲಿ ಪತ್ರಿಕೆಗೆ ಬಂದಾಗ ಕೋಪಗೊಂಡ ಜನರು ಆ ಹೆಂಗಸಿನ ಮನೆಯ ವಿಳಾಸವನ್ನೂ ದೂರವಾಣಿಯ ಸಂಖ್ಯೆಯನ್ನೂ ಜಾಲದಲ್ಲಿ ಹರಡಿ ಅವಳನ್ನು ಬೇಟೆಯಾಡಿದರು. ಧರ್ಮದ ಹೆಸರಿನಿಂದ ಮಾಡಿದರೂ ಅವರ ಕೆಲಸವು ಅದೇ ಕೆಲಸವಾಗಿದ್ದಿತು.

ಆರು ವರ್ಷಗಳ ನಂತರ ಕೆನಡಾ ದೇಶದಲ್ಲಿ ಅಮಾಂಡಾ ಟಾಡ್ ಎಂಬ ಹದಿನೈದು ವರ್ಷದ ಹುಡುಗಿಯ ಪ್ರಕರಣವು ಇದಕ್ಕಿಂತ ಬೇರೆ ವಿಧದ್ದು. ಅಪರಿಚಿತನೊಬ್ಬನು ಕ್ಯಾಮೆರಾದ ಮುಂದೆ ಅವಳನ್ನು ಮರುಳುಮಾಡಿ ತೆಗೆದುಕೊಂಡ ಚಿತ್ರವನ್ನು ಹಿಡಿದುಕೊಂಡು ಬೆದರಿಸಿದನು. ಬಳಿಕ ಅದನ್ನು ಅವಳ ಪರಿಚಿತರಿಗೆಲ್ಲ ಹಂಚಿದನು. ಅವಳು ಶಾಲೆಯನ್ನು ಬಿಟ್ಟು ಬೇರೆ ಶಾಲೆಗೆ ಹೋದಳು. ಚಿತ್ರವೂ ಅಲ್ಲಿಗೆ ಬಂದಿತು. ಬೆದರಿಸಿದವನು ಒಬ್ಬನೇ, ಆದರೆ ಹಾಸ್ಯಮಾಡಿದವರೂ ಹೊಡೆದವರೂ ಓರಗೆಯ ಮಕ್ಕಳು. ೨೦೧೨ರ ಸೆಪ್ಟೆಂಬರಿನಲ್ಲಿ ಅವಳು ಒಂದು ಮಾತನ್ನೂ ಆಡದೆ, ಕಾಗದದ ತುಂಡುಗಳ ಮೇಲೆ ತನ್ನ ಕಥೆಯನ್ನು ಬರೆದು ಒಂದೊಂದಾಗಿ ತೋರಿಸುತ್ತ, ಸುಮಾರು ಒಂಬತ್ತು ನಿಮಿಷಗಳ ಒಂದು ವಿಡಿಯೋವನ್ನು ಮಾಡಿ ಲೋಕದ ಮುಂದಿಟ್ಟಳು. ಅಕ್ಟೋಬರ್ ೧೦ರಂದು ತೀರಿಕೊಂಡಳು. ನೆದರ್ಲೆಂಡ್ಸ್ ದೇಶದವನಾದ ಆ ಅಪರಾಧಿಯನ್ನು ಕೆನಡಾಕ್ಕೆ ತಂದು ವಿಚಾರಿಸಿ ೨೦೨೨ರಲ್ಲಿ ೧೩ ವರ್ಷಗಳ ಸೆರೆಯನ್ನು ವಿಧಿಸಿದರು. ನಕ್ಕವರಿಗೆ ಯಾವ ನ್ಯಾಯಾಸ್ಥಾನವೂ ಇಲ್ಲ.

ಇದೆಲ್ಲ ಪರದೇಶದ ಮಾತೆಂದು ತಿಳಿಯಲಾಗದು. ೨೦೨೦ರ ಮೇ ತಿಂಗಳಿನಲ್ಲಿ ದೆಹಲಿಯ ಶಾಲೆಗಳ ಹುಡುಗರು ಇನ್‌ಸ್ಟಾಗ್ರಾಂ ಗುಂಪೊಂದನ್ನು ಕಟ್ಟಿಕೊಂಡು, ತಮ್ಮೊಡನೆ ಓದುವ ಹೆಣ್ಣುಮಕ್ಕಳ ಚಿತ್ರಗಳನ್ನು ಅವರಿಗೆ ತಿಳಿಯದಂತೆ ಹಂಚಿಕೊಂಡು ಕೆಟ್ಟ ಮಾತುಗಳನ್ನಾಡಿದುದು ಬಯಲಾಯಿತು. ಪೋಲೀಸರು ವಿಚಾರಣೆ ನಡೆಯಿಸಿದರು. ಅವರೆಲ್ಲ ಒಳ್ಳೆಯ ಶಾಲೆಗಳಲ್ಲಿ ಓದಿ, ಒಳ್ಳೆಯ ಮನೆಗಳಿಂದ ಬಂದವರು.

ಭಾರತದ ಕಾಯಿದೆಯಲ್ಲಿ ಸೈಬರ್ ಕಿರುಕುಳವೆಂಬ ಹೆಸರಿನ ಪ್ರತ್ಯೇಕ ಅಪರಾಧವಿಲ್ಲ. ನೋವುಂಟುಮಾಡುವ ಬರಹವನ್ನು ದಂಡಿಸುತ್ತಿದ್ದ ಮಾಹಿತಿ ತಂತ್ರಜ್ಞಾನ ಕಾಯಿದೆಯ ೬೬ಎ ಕಲಮು ಅತಿ ವಿಶಾಲವಾಗಿದ್ದು ವಾಕ್ಸ್ವಾತಂತ್ರ್ಯಕ್ಕೆ ಬಾಧಕವೆಂದು ಸುಪ್ರೀಂ ಕೋರ್ಟು ೨೦೧೫ನೆಯ ಮಾರ್ಚ್ ೨೪ರಂದು ರದ್ದುಮಾಡಿತು. ಹಾಗೆಂದು ಕಾಯಿದೆಯು ಕೈಕಟ್ಟಿ ಕುಳಿತಿಲ್ಲ. ಇತರರ ಗುರುತನ್ನು ಕದಿಯುವುದು, ಗೋಪ್ಯವಾದ ಅಂಗಗಳ ಚಿತ್ರವನ್ನು ಹರಡುವುದು, ಮಕ್ಕಳ ಅಶ್ಲೀಲ ಚಿತ್ರವನ್ನು ಇಟ್ಟುಕೊಳ್ಳುವುದು ಅಥವಾ ಹಂಚುವುದು ಅದೇ ಕಾಯಿದೆಯ ಬೇರೆ ಕಲಮುಗಳಲ್ಲಿಯೂ ೨೦೧೨ರ ಪೋಕ್ಸೋ ಕಾಯಿದೆಯಲ್ಲಿಯೂ ದಂಡನೀಯವಾಗಿವೆ. ೨೦೨೪ರ ಜುಲೈ ಒಂದರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಹೆಣ್ಣನ್ನು ಜಾಲದಲ್ಲಿ ಹಿಂಬಾಲಿಸಿ ಕಾಡುವುದೂ, ಬೆದರಿಕೆಯೂ ಅಪರಾಧಗಳು. ಮಾಡಿದವನು ಹದಿನೆಂಟು ತುಂಬದವನಾದರೆ ಬಾಲ ನ್ಯಾಯ ಮಂಡಳಿಯ ಮುಂದೆ ನಿಲ್ಲಬೇಕಾಗುವುದು. ತಮಾಷೆಗೆ ಮಾಡಿದನೆಂಬ ಮಾತು ಅಲ್ಲಿ ಬಹಳ ದೂರ ಹೋಗದು.

ಆಸ್ಟ್ರೇಲಿಯಾದವರು ಹದಿನಾರು ವರ್ಷಕ್ಕೆ ಕೆಳಗಿನವರು ಇಂತಹ ತಾಣಗಳಲ್ಲಿ ಖಾತೆಯನ್ನು ಹೊಂದದಂತೆ ಕಾಯಿದೆಮಾಡಿ ೨೦೨೫ನೆಯ ಡಿಸೆಂಬರ್ ೧೦ರಿಂದ ಆಚರಣೆಗೆ ತಂದಿರುವರು. ಒಳ್ಳೆಯದೇ ಇರಬಹುದು. ಆದರೆ ಮಾಯ್‌ಸ್ಪೇಸಿನಲ್ಲಿಯೂ ವಯಸ್ಸಿನ ನಿಯಮವಿದ್ದಿತಷ್ಟೆ. ತಾಯಿಯ ಕಾವಲೂ ಇದ್ದಿತು. ಕಾವಲಿನಿಂದ ಆಗದಿದ್ದ ಕೆಲಸವೊಂದು ಉಳಿಯಿತು. ನೊಂದ ಮಗುವು ಹಿರಿಯರ ಬಳಿಗೆ ಬರುವುದಕ್ಕೆ ಹೆದರದಂತಿರುವುದೇ ಆ ಕೆಲಸ.

ಮಕ್ಕಳು ಏಕೆ ಹೇಳುವುದಿಲ್ಲವೆಂದು ಅವರನ್ನೇ ಕೇಳಿದರೆ ಉತ್ತರವು ಸುಲಭವಾಗಿ ದೊರೆಯುವುದು: ಹೇಳಿದೊಡನೆ ಮೊಬೈಲು ಹೋಗುವುದು. ಕಿರುಕುಳಕ್ಕೊಳಗಾದವನಿಗೆ ಮನೆಯಲ್ಲಿ ಮೊದಲು ಸಿಕ್ಕುವುದು ಶಿಕ್ಷೆ. ನೀನೇನು ಮಾಡಿದ್ದೆ, ಅವರು ಸುಮ್ಮನೆ ಏಕೆ ಹಾಗೆನ್ನುವರು ಎಂಬ ಪ್ರಶ್ನೆ. ಹೆಣ್ಣುಮಗುವಾದರೆ ಶಾಲೆಯನ್ನೇ ಬಿಡಿಸಿಬಿಡುವ ಮನೆಗಳೂ ಉಂಟು. ಬೆದರಿಸುವವನಿಗೆ ಈ ಭಯವು ಚೆನ್ನಾಗಿ ಗೊತ್ತು. ಅಪ್ಪನಿಗೆ ತಿಳಿಸುತ್ತೇನೆಂಬ ಮಾತು ಅವನ ಕೈಯಲ್ಲಿ ಆಯುಧವಾಗುವುದು. ಅಪ್ಪನಿಗೆ ಮೊದಲೇ ತಿಳಿದಿದ್ದ ಮನೆಯಲ್ಲಿ ಆ ಆಯುಧವು ಮೊಂಡಾಗುವುದು. ಮೊಬೈಲನ್ನು ಕಸಿದುಕೊಂಡು ಎಲ್ಲವನ್ನೂ ಅಳಿಸಿಹಾಕುವ ತಂದೆಯು ಸಾಕ್ಷಿಯನ್ನೂ ಅಳಿಸುವನೆಂಬುದು ಬೇರೆ ಮಾತು.

ಪಕ್ಕದಲ್ಲಿ ನಿಂತು ನೋಡುವವರ ವಿಷಯವನ್ನೂ ಇಲ್ಲಿರುವ ವಿದ್ಯಾರ್ಥಿಗಳು ಮನಸ್ಸಿಟ್ಟು ಕೇಳತಕ್ಕದ್ದು. ಕೆನಡಾದ ಕೆಲವು ಸಂಶೋಧಕರು ಶಾಲೆಯ ಬಯಲಿನಲ್ಲಿ ಮಕ್ಕಳ ನಡತೆಯನ್ನು ದೂರದಿಂದ ಚಿತ್ರೀಕರಿಸಿ ೨೦೦೧ರಲ್ಲಿ ಒಂದು ವರದಿಯನ್ನು ಪ್ರಕಟಿಸಿದರು. ಪೀಡೆ ನಡೆದ ನೂರು ಪ್ರಸಂಗಗಳಲ್ಲಿ ೮೮ರಲ್ಲಿ ಬೇರೆ ಮಕ್ಕಳು ಅಲ್ಲಿಯೇ ಇದ್ದರು. ಅವರು ನಡುವೆ ಬಂದುದು ೧೯ರಲ್ಲಿ ಮಾತ್ರ. ಆದರೆ ಬಂದ ಪ್ರಸಂಗಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವುಗಳಲ್ಲಿ, ಎಂದರೆ ನೂರಕ್ಕೆ ೫೭ರಲ್ಲಿ, ಹತ್ತು ಸೆಕೆಂಡುಗಳೊಳಗೆ ಪೀಡೆಯು ನಿಂತುಹೋಯಿತು. ಹತ್ತು ಸೆಕೆಂಡು! ಒಂದು ಮಾತಿಗೆ ಬೇಕಾಗುವ ಹೊತ್ತು. ಫಿನ್ಲೆಂಡ್ ದೇಶದ ಟುರ್ಕು ವಿಶ್ವವಿದ್ಯಾನಿಲಯದವರು ಈ ತತ್ತ್ವವನ್ನೇ ಹಿಡಿದು ಕೀವ ಎಂಬ ಶಿಕ್ಷಣಕ್ರಮವನ್ನು ರಚಿಸಿದರು. ಪೀಡಿಸುವವನನ್ನು ದಂಡಿಸುವುದಕ್ಕಿಂತ ನೋಡುವವರ ಮೌನವನ್ನು ಮುರಿಯುವುದರ ಮೇಲೆಯೇ ಅದರಲ್ಲಿ ಹೆಚ್ಚು ಒತ್ತು. ಗುಂಪಿನಲ್ಲಿ ಅಂತಹ ಚಿತ್ರವು ಬಂದಾಗ ನಗುವ ಗುರುತನ್ನು ಒತ್ತದಿರುವುದು, ಮುಂದಕ್ಕೆ ಕಳುಹಿಸದಿರುವುದು, ನೊಂದವನಿಗೆ ಬೇರೆಯಾಗಿ ಒಂದು ಸಾಲು ಬರೆಯುವುದು, ಇವು ಸಣ್ಣ ಕೆಲಸಗಳಲ್ಲ. ಹಿರಿಯರೂ ತಮ್ಮ ಬಂಧುವರ್ಗದ ಗುಂಪುಗಳಲ್ಲಿ ಯಾರದೋ ಮನೆಯ ಮಾನವನ್ನು ಬೆಳಗಿನ ನಮಸ್ಕಾರದ ಚಿತ್ರದ ಜೊತೆಗೆ ಹಂಚುತ್ತಿರುವರೆಂಬುದನ್ನು ಮಕ್ಕಳು ನೋಡುತ್ತಲೇ ಇರುವರು.

ತಮ್ಮ ಮಗನೇ ಪೀಡಿಸಿದವನೆಂದು ತಿಳಿದರೆ ತಂದೆತಾಯಿಗಳು ಮೊದಲು ಅಲ್ಲಗಳೆಯುವರು, ಬಳಿಕ ಹೊಡೆಯುವರು. ಎರಡರಿಂದಲೂ ಫಲವಿಲ್ಲ. ಹೀಗೆ ಮಾಡುವ ಮಕ್ಕಳಲ್ಲಿ ಅನೇಕರು ತಾವೇ ಎಲ್ಲಿಯೋ ಅವಮಾನಪಟ್ಟವರಾಗಿರುವರು. ನೊಂದ ಮಗುವಿನ ಮನೆಗೆ ಅವನನ್ನು ಕರೆದುಕೊಂಡುಹೋಗಿ, ತಾನು ಬರೆದುದರ ಫಲವನ್ನು ಒಂದು ಮುಖದ ಮೇಲೆ ಕಾಣುವಂತೆ ಮಾಡಿದರೆ, ಆ ಕಡೆಯವರು ಒಪ್ಪಿದ ಪಕ್ಷದಲ್ಲಿ, ಅದು ಬೆತ್ತಕ್ಕಿಂತ ಹೆಚ್ಚಿನ ಕೆಲಸವನ್ನು ಮಾಡೀತು.

ಇನ್ನು ವಿಪತ್ತು ಬಂದಾಗ ಮಾಡತಕ್ಕ ಕೆಲಸ. ಮೊದಲು ಮಗುವಿನ ಮಾತನ್ನು ಕೊನೆಯವರೆಗೆ ಕೇಳಬೇಕು. ಅದು ಬಳಸಿದ ಭಾಷೆಯನ್ನು ತಿದ್ದುವ ಕಾಲ ಅದಲ್ಲ. ನಿಂದೆಗೆ ಪ್ರತಿನಿಂದೆಯನ್ನು ಬರೆಯಿಸಬಾರದು. ಬರಹದ ಸ್ಕ್ರೀನ್‌ಶಾಟ್ ತೆಗೆದು ದಿನಾಂಕದೊಡನೆ ಇಟ್ಟುಕೊಂಡು, ಆ ಖಾತೆಯನ್ನು ಬ್ಲಾಕ್ ಮಾಡಿ ತಾಣದವರಿಗೆ ದೂರು ಕೊಡಬೇಕು. ಮಗುವಿನ ಅಶ್ಲೀಲ ಚಿತ್ರವಾಗಿದ್ದರೆ ಅದನ್ನು ಸಾಕ್ಷಿಗೆಂದು ಸಹ ಯಾರಿಗೂ ಕಳುಹಿಸದೆ ನೇರವಾಗಿ ಪೋಲೀಸರಲ್ಲಿಗೆ ಹೋಗತಕ್ಕದ್ದು. ಸರಕಾರದ ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲಿನಲ್ಲಿ ಮನೆಯಿಂದಲೇ ದೂರು ಬರೆಯಬಹುದು. ೧೯೩೦ ಎಂಬುದು ಸೈಬರ್ ಅಪರಾಧದ ಸಹಾಯವಾಣಿ, ೧೦೯೮ ಮಕ್ಕಳದು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಮೊಬೈಲು ಮತ್ತು ಜಾಲದ ಬಳಕೆಯಿಂದ ಮನಸ್ಸು ಕೆಟ್ಟವರಿಗಾಗಿಯೇ ೨೦೧೪ರಿಂದ ಒಂದು ಚಿಕಿತ್ಸಾಲಯವು ನಡೆಯುತ್ತಲಿದೆ. ೨೦೨೨ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ ಮಾನಸ್ ಎಂಬ ಸಹಾಯವಾಣಿಗೆ ೧೪೪೧೬ ಎಂಬ ಸಂಖ್ಯೆಯಿಂದ ಹಗಲುರಾತ್ರಿ ಯಾವ ಹೊತ್ತಿನಲ್ಲಾದರೂ ಕರೆಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು; ಹಣ ಕೊಡಬೇಕಾದುದಿಲ್ಲ.

ಮಠಗಳ ಪ್ರಸಾದನಿಲಯಗಳಲ್ಲಿ ಓದುವ ಬಾಲಕರ ವಿಷಯದಲ್ಲಿ ಇದು ಇನ್ನೂ ಮುಖ್ಯವಾದುದು. ತಾಯಿಯು ದೂರದ ಹಳ್ಳಿಯಲ್ಲಿರುವಳು. ಪೀಡಿಸುವವನು ಅದೇ ಕೋಣೆಯಲ್ಲಿ ಮಲಗುವವನಾಗಿರಬಹುದು. ಹುಡುಗನು ಹೆದರದೆ ಬಂದು ಹೇಳಬಹುದಾದ ಒಬ್ಬ ಉಪಾಧ್ಯಾಯರು ಪ್ರತಿಯೊಂದು ನಿಲಯದಲ್ಲಿಯೂ ಇರಬೇಕು. ಅವರು ಶಿಕ್ಷೆಯನ್ನು ವಿಧಿಸುವ ಅಧಿಕಾರಿಯಾಗಿರಬಾರದು. ೧೪೪೧೬ ಎಂಬ ಸಂಖ್ಯೆಯನ್ನು ಊಟದ ಪಂಕ್ತಿಯ ಎದುರಿನ ಗೋಡೆಯ ಮೇಲೆ ದೊಡ್ಡ ಅಕ್ಷರಗಳಲ್ಲಿ ಬರೆಯಿಸುವುದು ಯುಕ್ತ. ಕಚೇರಿಯ ಬಾಗಿಲಿನಲ್ಲಿ ಬರೆಯಿಸಿದರೆ ಅದನ್ನು ನಿಂತು ಓದುವವನು ಯಾರೆಂಬುದು ಉಳಿದವರಿಗೆ ತಿಳಿದುಬಿಡುವುದು. ಪಂಕ್ತಿಯಲ್ಲಿ ಕುಳಿತಾಗಲಾದರೋ ಎಲ್ಲರ ಕಣ್ಣುಗಳೂ ಆ ಗೋಡೆಯ ಕಡೆಗೇ ಇರುವುವು.